ಆ ನಾಲ್ಕು ಕೋಟಿ ಅಂಕಿಯ ಪ್ರೈಮ್ ನಿಮಗ್ಯಾಕೆ?

ಕಳೆದ ವಾರ ಮತ್ತೊಬ್ಬರು ಕೇಳಿದರು. ಸಾಲ, ಠೇವಣಿಯ ಸಣ್ಣ ಆ್ಯಪ್ ನಡೆಸುವವರು. ಒಳ್ಳೆಯ ಮನುಷ್ಯ, ಬಂದಾಗಲೆಲ್ಲ ಮನೆಯಲ್ಲಿ ಮಾಡಿದ ಕೋಡುಬಳೆ ತರುತ್ತಾರೆ. "ಸಾರ್, ಪ್ರಪಂಚದಲ್ಲೇ ದೊಡ್ಡ ಪ್ರೈಮ್ ನಂಬರ್ ಸಿಕ್ಕಿದೆಯಂತಲ್ಲ, ಅದನ್ನೇ ನಮ್ಮ ಆ್ಯಪ್‌ಗೆ ಹಾಕಿಬಿಡಿ. ಯಾರಪ್ಪನ ಕೈಲೂ ಒಡೆಯೋಕಾಗಲ್ಲ, ಅಲ್ವಾ?"

2024ರ ಅಕ್ಟೋಬರ್‌ನಲ್ಲಿ ಆ ಸುದ್ದಿ ಬಂದಾಗಿನಿಂದ ಇದೇ ಪಾಡು. ಅಮೆರಿಕದ ಲ್ಯೂಕ್ ಡ್ಯುರಾಂಟ್ ಪತ್ತೆ ಮಾಡಿದ ಸಂಖ್ಯೆ ಅದು. ಪ್ರೈಮ್ ಅಂದರೆ ಅವಿಭಾಜ್ಯ, 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಭಾಗವಾಗದ್ದು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆಯಬೇಕು. ಒಟ್ಟು 4,10,24,320 ಅಂಕಿ. ಕಂಪ್ಯೂಟರಿನ ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ ಬರೆದರೆ ಬರೀ ಒಂದರ ಸಾಲು, ಹುಡುಕಿದರೂ ಸೊನ್ನೆ ಇಲ್ಲ. ಚೆಂದದ ಸಂಖ್ಯೆ. ಬೀಗಕ್ಕೆ ಮಾತ್ರ ಶುದ್ಧ ದಂಡ.

ಆರ್‌ಎಸ್‌ಎ ಎಂಬ, ಮಾಹಿತಿಯನ್ನು ಗುಟ್ಟಾಗಿಡುವ ಬೀಗದಲ್ಲಿ ಎರಡು ಪ್ರೈಮ್‌ಗಳನ್ನು ಗುಣಿಸಿ, ಗುಣಲಬ್ಧವನ್ನು ಊರಿಗೆಲ್ಲ ಹಂಚುತ್ತೇವೆ. ಆ ಎರಡು ಯಾವುವು ಎಂಬುದೇ ಗುಟ್ಟು. ಅದರಲ್ಲಿ ಒಂದು ಪೇಪರಿನಲ್ಲೇ ಬಂದಿದ್ದರೆ? ಕಳ್ಳ ಒಂದು ಸಲ ಭಾಗಿಸುತ್ತಾನೆ, ಇನ್ನೊಂದು ಕೈಗೆ ಬಂತು. ಆನೆಗಾತ್ರದ ಬೀಗ ಜಡಿದು ಬೀಗದ ಕೈಯನ್ನು ತುಳಸಿಕಟ್ಟೆ ಮೇಲೆ ಇಟ್ಟ ಹಾಗೆ.

ಈಗ ಸಾಮಾನ್ಯವಾಗಿ ಬಳಸುವ 2048 ಬಿಟ್ ಕೀಲಿಗೆ (ಬೈನರಿಯಲ್ಲಿ 2048 ಅಂಕಿಯ ಗುಣಲಬ್ಧಕ್ಕೆ) ಬೇಕಾಗುವುದು ಮುನ್ನೂರು ಚಿಲ್ಲರೆ ಅಂಕಿಯ ಎರಡು ಪ್ರೈಮ್. ಆ ಗಾತ್ರದಲ್ಲಿ ಸುಮಾರು 700 ಸಂಖ್ಯೆಗೆ ಒಂದು ಪ್ರೈಮ್ ಸಿಗುತ್ತದೆ. ಕಂಪ್ಯೂಟರ್ ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡು ಪರೀಕ್ಷಿಸುತ್ತದೆ, ಪ್ರೈಮ್ ಅಲ್ಲದಿದ್ದರೆ ಬಿಸಾಡಿ ಇನ್ನೊಂದು. ನೀವು ಕಾಫಿ ಆರಿಸುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ.

ಗುಟ್ಟು ಅಂದೆನಲ್ಲ, ಅದನ್ನೇ ಇನ್ನೊಂದು ಸಲ ಹೇಳುತ್ತೇನೆ, ಬೇಜಾರಾಗಬೇಡಿ. ಕಣ್ಣು ಮುಚ್ಚಿ ಎತ್ತುವಾಗ ನಿಜವಾಗಿ ಕಣ್ಣು ಮುಚ್ಚಿರಬೇಕು, ಅಂದರೆ ಯಾವುದು ಬರುತ್ತದೆಂದು ಯಾರೂ ಊಹಿಸುವಂತಿರಬಾರದು. 2012ರಲ್ಲಿ ಸಂಶೋಧಕರು ಇಂಟರ್‌ನೆಟ್‌ನಲ್ಲಿರುವ ಲಕ್ಷಾಂತರ ಕೀಲಿಗಳನ್ನು, ಅಂದರೆ ಊರಿಗೆಲ್ಲ ಹಂಚಿದ ಆ ಗುಣಲಬ್ಧಗಳನ್ನು, ಗುಡ್ಡೆಹಾಕಿ ನೋಡಿದರು. ರೌಟರ್‌ನಂಥ ಸಣ್ಣ ಸಾಧನಗಳು ಆಗಷ್ಟೇ ಆನ್ ಆಗಿ, ಅರೆನಿದ್ದೆಯಲ್ಲಿ ಪ್ರೈಮ್ ಆರಿಸಿದ್ದವು. ಎಲ್ಲೋ ಇರುವ ಎರಡು ಸಾಧನಗಳಿಗೆ ಒಂದೇ ಪ್ರೈಮ್! ಆಗ ಏನಾಗುತ್ತದೆ ನೋಡಿ. ಒಂದರ ಗುಣಲಬ್ಧ 8633, ಇನ್ನೊಂದರದು 8989 ಎನ್ನಿ. ದೊಡ್ಡದರಲ್ಲಿ ಚಿಕ್ಕದು ಕಳೆಯಿರಿ: 356. ಇದರಿಂದ 8633 ಭಾಗಿಸಿದರೆ ಶೇಷ 89. 89ರಿಂದ 356 ಭಾಗಿಸಿ, ಶೇಷ ಸೊನ್ನೆ. ಸಿಕ್ಕಿತು, ಇಬ್ಬರಲ್ಲೂ ಇರುವ ಪ್ರೈಮ್ 89. ಹೈಸ್ಕೂಲಿನ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) ಲೆಕ್ಕ ಅಷ್ಟೆ. ಮುನ್ನೂರು ಅಂಕಿಯದಾದರೂ ದಾರಿ ಇದೇ, ಕಂಪ್ಯೂಟರಿಗೆ ಚಿಟಿಕೆ ಹೊಡೆಯುವಷ್ಟು ಹೊತ್ತು.

ಹಾಗಂತ 2048 ಬಿಟ್ ಎಂದೆಂದಿಗೂ ಸಾಕು ಅಂತ ನಾನು ಬರೆದುಕೊಡುವುದಿಲ್ಲ. 250 ಅಂಕಿಯ ಒಂದು ಗುಣಲಬ್ಧವನ್ನು 2020ರಲ್ಲಿ ಒಡೆದರು. ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಲೆಕ್ಕವೇ ಬೇರೆ. ನಿಮ್ಮ ಆ್ಯಪ್‌ಗೆ ಏನು ಬೇಕು ಎಂಬುದನ್ನು ನೋಡದೆ ಹೇಳಲಾರೆ.

ಇಷ್ಟನ್ನೂ ಅವರಿಗೆ ಹೇಳಿದೆ, ಮುಕ್ಕಾಲು ಗಂಟೆ. ಕೋಡುಬಳೆ ಮುರಿಯುತ್ತಾ ಪೂರ್ತಿ ಕೇಳಿಸಿಕೊಂಡರು, ತಲೆ ಆಡಿಸಿದರು. ಎದ್ದು ಚಪ್ಪಲಿ ಮೆಟ್ಟುವಾಗ ಅಂದರು, "ಅರ್ಥ ಆಯ್ತು ಸಾರ್, ಗುಟ್ಟಾಗಿರಬೇಕು. ಅಂದಹಾಗೆ ನಮ್ಮ ಆ್ಯಪ್‌ನ ಪ್ರೈಮ್ ಯಾವುದು? ವಾಟ್ಸ್‌ಆ್ಯಪ್ ಮಾಡಿಬಿಡಿ, ಗ್ರೂಪಲ್ಲಿ ಹಾಕಿರ್ತೀನಿ."