ಸಾವಿರ ಗ್ರಹ, ನಮ್ಮ ಒಂದು ಪದವು: ಸ್ಟಾರ್‌ಫೀಲ್ಡ್ ಈಗ ಆಡಬಹುದಾ?

ಪ್ರಶ್ನೆ: ಅಣ್ಣಾ, ಕಳೆದ ವರ್ಷ ಸ್ಟಾರ್‌ಫೀಲ್ಡ್ ಎಂಬ ವಿಡಿಯೋ ಗೇಮ್ ಬಂದಾಗ ಅರ್ಧ ಜನ ಹೊಗಳಿದರು, ಅರ್ಧ ಜನ ಬೈದರು. ನೀವೂ ಬೈದವರೇ. ಈಗ ಅಪ್‌ಡೇಟ್ ಎಲ್ಲಾ ಬಂದು ಸರಿಯಾಗಿದೆ ಅಂತಾರೆ. ನಿಜವಾ? ಈಗ ಹಾಕಿಕೊಳ್ಳಬಹುದಾ?

ಇದೇ ಪ್ರಶ್ನೆ ಪೆರ್ಲದಿಂದ ಬಂತು, ಮುಳ್ಳೇರಿಯದಿಂದ ಬಂತು, ಮಂಜೇಶ್ವರದಿಂದ ಎರಡು ಸಲ ಬಂತು. ಸುಮ್ನೆ ಹಳೇ ನೆನಪಿನಲ್ಲಿ ಉತ್ತರ ಹೇಳುವುದು ಬೇಡ ಅಂತ ಈ 2024ರ ಅಕ್ಟೋಬರ್‌ನಲ್ಲಿ ಮತ್ತೆ ಡೌನ್‌ಲೋಡ್‌ಗೆ ಹಾಕಿದೆ. ಸುಮಾರು 125 ಜಿಬಿ. ನಮ್ಮ ಮನೆಯ 40 ಎಂಬಿಪಿಎಸ್ ಲೈನಿನಲ್ಲಿ ಲೆಕ್ಕಕ್ಕೆ 7 ಗಂಟೆ. ಲೆಕ್ಕ ಬೇರೆ, ನಮ್ಮ ಊರು ಬದಿಯಡ್ಕ ಬೇರೆ. ಮಧ್ಯಾಹ್ನ ಕಳೆದರೆ ದಿನಾ ಗುಡುಗು, ಮೋಡೆಮ್‌ನ ಪ್ಲಗ್ ತೆಗಿ ಅಂತ ಒಳಗಿಂದ ಅಮ್ಮನ ಕೂಗು. ಎರಡು ರಾತ್ರಿ ಹಿಡಿಯಿತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ತುಂಬಾ ಸರಿಯಾಗಿದೆ. ಆದರೆ ನಾನು ಯಾವುದಕ್ಕೆ ಬೈದಿದ್ದೆನೋ ಅದು ಹಾಗೇ ಇದೆ. ಆದರೂ ಆಡಿ, ಆಡುವ ರೀತಿ ಮಾತ್ರ ಸ್ವಲ್ಪ ಬದಲಿಸಿ.

ಗೊತ್ತಿಲ್ಲದವರಿಗೆ ಎರಡು ಮಾತು. ಬೆಥೆಸ್ಡಾ ಕಂಪನಿ, ಟಾಡ್ ಹೋವರ್ಡ್ ನಿರ್ದೇಶನ. 2023ರ ಸೆಪ್ಟೆಂಬರ್ 6ಕ್ಕೆ ಬಂತು, ಪಿಸಿ ಮತ್ತು ಎಕ್ಸ್‌ಬಾಕ್ಸ್‌ಗೆ. ಕಥೆ ನಡೆಯುವುದು 2330ರಲ್ಲಿ. ಭೂಮಿ ಆಗಲೇ ಮರಳುಗಾಡು. ಮನುಷ್ಯರು ಬೇರೆ ನಕ್ಷತ್ರಗಳ ಕಡೆ ಹೋಗಿ ಊರು ಕಟ್ಟಿಕೊಂಡಿದ್ದಾರೆ. ನಮಗೊಂದು ಹಡಗು, ಒಂದು ಬಂದೂಕು, ಓಡಾಡಲು ಸಾವಿರಕ್ಕೂ ಜಾಸ್ತಿ ಗ್ರಹ. ಈ ಸಾವಿರವೇ ಜಗಳದ ಮೂಲ.

ಬದಲಾದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಬಂದ ಹೊಸತರಲ್ಲಿ ಊರಿನ ಮ್ಯಾಪ್ ಅಂದರೆ ಬರೀ ನೀಲಿ ಚುಕ್ಕೆ. ನ್ಯೂ ಅಟ್ಲಾಂಟಿಸ್ ಎಂಬ ದೊಡ್ಡ ಊರಿನಲ್ಲಿ ಬಂದೂಕಿನ ಅಂಗಡಿ ಹುಡುಕಿ ಹುಡುಕಿ ಸುಸ್ತಾಗಿದ್ದೆ. 2024ರ ಮೇ ತಿಂಗಳಲ್ಲಿ ಸರಿಯಾದ ಮ್ಯಾಪ್ ಬಂತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ ಆಡುವ ಆಯ್ಕೆಯೂ ಆಗಲೇ ಸಿಕ್ಕಿತು. ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇದ್ದವರು ಕಾಯುತ್ತಿದ್ದ, ಆಟವನ್ನು ಸರಾಗವಾಗಿ ಓಡಿಸುವ ಡಿಎಲ್‌ಎಸ್‌ಎಸ್ ಅದಕ್ಕೂ ಮೊದಲೇ, 2023ರ ನವೆಂಬರ್‌ನಲ್ಲಿ ಬಂದಿತ್ತು. 2024ರ ಆಗಸ್ಟ್‌ನಲ್ಲಿ ರೆವ್-8 ಎಂಬ ಗಾಡಿ ಬಂತು. ನಾಲ್ಕು ಚಕ್ರ, ಮೇಲೆ ಒಂದು ಗನ್, ಹಾರಲು ಒಂದು ಬೂಸ್ಟರ್. ಇದಕ್ಕೆ ದುಡ್ಡಿಲ್ಲ. ಮೊದಲು ಹತ್ತು ನಿಮಿಷ ಏದುಸಿರು ಬಿಟ್ಟುಕೊಂಡು ಓಡುತ್ತಿದ್ದ ದೂರಕ್ಕೆ ಈಗ ಒಂದೇ ನಿಮಿಷ ಸಾಕು. ನಿಜ ಹೇಳಬೇಕೆಂದರೆ ನಾನು ಮತ್ತೆ ಆಟಕ್ಕೆ ಕೂತದ್ದೇ ಈ ಗಾಡಿಗಾಗಿ.

ಈಗ ಸರಿಯಾಗದ ವಿಷಯ. 2023ರ ನವೆಂಬರ್‌ನಲ್ಲಿ, ಗ್ರಹಗಳು ಖಾಲಿ, ಬೋರು ಅಂತ ಗೇಮ್ ಮಾರುವ ಸ್ಟೀಮ್ ತಾಣದಲ್ಲಿ ಬೈದು ಬರೆದವರಿಗೆ ಬೆಥೆಸ್ಡಾದವರೇ ಉತ್ತರ ಕೊಟ್ಟರು. ಕೆಲವು ಗ್ರಹಗಳನ್ನು ಬೇಕೆಂದೇ ಖಾಲಿ ಇಟ್ಟಿದ್ದೇವೆ, ಚಂದ್ರನ ಮೇಲೆ ಇಳಿದವರಿಗೂ ಅಲ್ಲಿ ಏನೂ ಇರಲಿಲ್ಲ, ಅವರಿಗೇನು ಬೋರ್ ಆಯಿತಾ ಅನ್ನುವ ಅರ್ಥದಲ್ಲಿ. ಜನ ಇನ್ನೂ ಸಿಟ್ಟಾದರು. ನನಗೆ ಮಾತ್ರ ಈ ಮಾತು ತಲೆಯಲ್ಲಿ ಉಳಿಯಿತು.

ಯಾಕೆಂದರೆ ಖಾಲಿ ಜಾಗ ನಮಗೆ ಹೊಸತಲ್ಲ. ಕಾಸರಗೋಡಿನವರಿಗೆ ಪದವು ಗೊತ್ತಲ್ವಾ. ಮುರಕಲ್ಲಿನ ಬೋಳು ಬಯಲು. ಏಪ್ರಿಲ್‌ನಲ್ಲಿ ಹೋದರೆ ಕಾದ ಕಾವಲಿ, ಒಂದು ಮರದ ನೆರಳಿಲ್ಲ. ಆದರೂ ಅದನ್ನು ಯಾರೂ ಬೋರು ಅನ್ನುವುದಿಲ್ಲ. ಪದವು ದಾಟಿದರೆ ಅಜ್ಜನಮನೆ ಬರುತ್ತದೆ. ಧರ್ಮತ್ತಡ್ಕದ ಹತ್ತಿರದ ಪೊಸಡಿಗುಂಪೆ ಗುಡ್ಡದ ತುದಿಯಲ್ಲಿ ಏನಿದೆ? ಹುಲ್ಲು, ಗಾಳಿ, ದೂರದಲ್ಲಿ ಕಡಲು. ಹತ್ತಿ ಬಂದ ಕಾಲಿಗೆ ಅದು ಧಾರಾಳ ಸಾಕು.

ಸ್ಟಾರ್‌ಫೀಲ್ಡ್‌ನಲ್ಲಿ ಈ ಹತ್ತುವುದೇ ಇಲ್ಲ. ಅಪೊಲೊ 11ರವರು 1969ರ ಜುಲೈ 16ಕ್ಕೆ ಹೊರಟು 20ಕ್ಕೆ ಚಂದ್ರನ ಮೇಲೆ ಇಳಿದರು. ನಾನು ಎರಡು ಮೆನು ಒತ್ತಿ ಇಳಿದೆ. ಆಟದಲ್ಲಿ ಗ್ರಹದ ನೆಲ ಒಂದು ಕೋಣೆ, ಹಡಗಿನ ಒಳಗೆ ಇನ್ನೊಂದು ಕೋಣೆ, ಬಾಹ್ಯಾಕಾಶ ಮತ್ತೊಂದು. ನಡುವೆ ಲೋಡಿಂಗ್ ಪರದೆ. ನಾನು 2024ರ ಅಕ್ಟೋಬರ್‌ನಲ್ಲಿ ಆಡುವಾಗ ಹಡಗನ್ನು ನಾವೇ ಇಳಿಸುವ ಹಾಗಿರಲಿಲ್ಲ, ಒಂದು ಗ್ರಹದಿಂದ ಇನ್ನೊಂದಕ್ಕೆ ಹಾರಿಸಿಕೊಂಡು ಹೋಗುವ ಹಾಗೂ ಇರಲಿಲ್ಲ. ದಾರಿಯೇ ಇಲ್ಲದೆ ತಲುಪಿದ ಜಾಗ ಖಾಲಿ ಇದ್ದರೆ ಬೋರು ಆಗದೆ ಇನ್ನೇನು? ಇದು ಆಟದ ಅಡಿಪಾಯದ ವಿಷಯ. ಮನೆ ಕಟ್ಟಿ ಮುಗಿದ ಮೇಲೆ ಪೈಂಟ್ ಬದಲಿಸಬಹುದು, ಅಡಿಪಾಯ ಬದಲಿಸಲು ಆಗುವುದಿಲ್ಲ. ಹಾಗಾಗಿ ಮುಂದಿನ ಅಪ್‌ಡೇಟ್‌ಗೆ ಕಾಯುತ್ತೇನೆ ಅನ್ನುವವರಿಗೆ ನಾನು ಹೇಳುವುದು, ಇದಕ್ಕಾಗಿ ಕಾಯಬೇಡಿ.

ಎರಡನೇ ತಕರಾರು, ಅಚ್ಚು ಒತ್ತಿದ ಜಾಗಗಳು. ಗ್ರಹದ ಮೇಲೆ ಸಿಗುವ ಲ್ಯಾಬ್, ಗಣಿ, ಹಾಳುಬಿದ್ದ ಕಟ್ಟಡ ಎಲ್ಲಾ ಮೊದಲೇ ಮಾಡಿಟ್ಟದ್ದು, ಕಂಪ್ಯೂಟರ್ ಅವನ್ನು ಅಲ್ಲಲ್ಲಿ ಉದುರಿಸುತ್ತದೆ. ಮೂರನೇ ಗ್ರಹದಲ್ಲೂ ಅದೇ ಶೀತಲ ಲ್ಯಾಬ್, ಅದೇ ಮೂಲೆಯಲ್ಲಿ ಅದೇ ಹೆಣ, ಮೇಜಿನ ಮೇಲೆ ಅದೇ ಪತ್ರ. ನಮ್ಮ ತೋಟದಲ್ಲಿ ಎರಡು ಸುರಂಗ ಇವೆ. ಎರಡೂ ನೀರಿಗಾಗಿ ಕೊರೆದದ್ದೇ. ಒಂದು ನೆಟ್ಟಗೆ ಹೋಗುತ್ತದೆ, ಇನ್ನೊಂದು ಗಟ್ಟಿ ಕಲ್ಲು ಸಿಕ್ಕಿದಲ್ಲಿ ಎಡಕ್ಕೆ ತಿರುಗಿದೆ. ಅಗೆದವನ ಕೈ ಕಾಣುತ್ತದೆ. ಆಟದ ಗುಹೆಗಳಲ್ಲಿ ಆ ಕೈ ಇಲ್ಲ.

ಇಷ್ಟೆಲ್ಲಾ ಹೇಳಿ ಆಡಿ ಅಂತ ಯಾಕೆ ಹೇಳಿದೆ? ಬಂದೂಕಿಗಾಗಿ. ಕಳೆದ ವರ್ಷ ಬೈಯುವ ಭರದಲ್ಲಿ ಇದನ್ನು ನಾನು ಸರಿಯಾಗಿ ಹೇಳಲೇ ಇಲ್ಲ. ಗುಂಡಿನ ಕಾಳಗ ಚೆನ್ನಾಗಿದೆ. ಗುರುತ್ವ ಕಡಿಮೆ ಇರುವ ಚಂದ್ರನ ಮೇಲೆ ಬೆನ್ನಿಗೆ ಕಟ್ಟಿದ ಬೂಸ್ಟ್ ಪ್ಯಾಕ್ ಒತ್ತಿ ಮೇಲೇರಿ, ನಿಧಾನ ಇಳಿಯುತ್ತಾ ಗುರಿ ಹಿಡಿಯುವುದು ಬೇರೆಯೇ ಮಜಾ. ಗುರುತ್ವವೇ ಇಲ್ಲದ ಕಡೆ ಗುಂಡು ಹಾರಿಸಿದರೆ ನಾವೇ ಹಿಂದಕ್ಕೆ ತೇಲುತ್ತೇವೆ. ಲೇಸರ್ ಬಂದೂಕಾದರೆ ಅಲ್ಲಾಡುವುದಿಲ್ಲ. ಇಂಥ ಸಣ್ಣ ವಿಷಯಕ್ಕೆ ಯಾರೋ ಕೂತು ಯೋಚನೆ ಮಾಡಿದ್ದಾರೆ.

ಹಾಗಾಗಿ ನನ್ನ ಸಲಹೆ, ಗ್ರಹಗಳನ್ನು ಅಲೆಯಲು ಹೋಗಬೇಡಿ, ಕೈಯಲ್ಲಿ ಬರೆದ ಕಥೆಗಳ ಹಿಂದೆ ಹೋಗಿ. ಯುಸಿ ವ್ಯಾನ್‌ಗಾರ್ಡ್ ಎಂಬ ಪಡೆ ಸೇರಿ, ಟೆರರ್‌ಮಾರ್ಫ್ ಎಂಬ ಪ್ರಾಣಿಯ ಕಥೆ ಕೊನೆ ತನಕ ಆಡಿ. ಕ್ರಿಮ್ಸನ್ ಫ್ಲೀಟ್ ದರೋಡೆಕೋರರ ನಡುವೆ ಬೇಹುಗಾರನಾಗಿ ಸೇರುವ ಕಥೆಯೂ ಒಳ್ಳೆಯದು. ಮುಖ್ಯ ಕಥೆಯಲ್ಲಿ ಎಂಟ್ಯಾಂಗಲ್ಡ್ ಎಂಬ ಒಂದು ಭಾಗ ಇದೆ. ಒಂದೇ ಲ್ಯಾಬ್, ಎರಡು ಜಗತ್ತು. ಒಂದರಲ್ಲಿ ಒಬ್ಬನನ್ನು ಬಿಟ್ಟು ಉಳಿದವರು ಬದುಕಿದ್ದಾರೆ, ಇನ್ನೊಂದರಲ್ಲಿ ಲ್ಯಾಬ್ ಹಾಳು, ಆ ಒಬ್ಬ ಮಾತ್ರ ಬದುಕಿದ್ದಾನೆ. ಕಣ್ಣೆದುರೇ ಒಂದರಿಂದ ಇನ್ನೊಂದಕ್ಕೆ ಜಾರುತ್ತೇವೆ. ಆ ರಾತ್ರಿ ನಾನು ಊಟಕ್ಕೆ ಏಳಲಿಲ್ಲ. ಸ್ಪೇಸರ್ ಎಂಬ ಕಳ್ಳರ ಜೇಬಲ್ಲಿ ಒಂದು ಗುಟ್ಟಿನ ಔಟ್‌ಪೋಸ್ಟ್‌ನ, ಅಂದರೆ ನೆಲೆಯ, ಚೀಟಿ ಸಿಕ್ಕರೆ ಬಿಡಬೇಡಿ. ಕೊನೆಯಲ್ಲಿ ಪುಕ್ಕಟೆ ಒಂದು ಒಳ್ಳೆ ಹಡಗಿದೆ.

ಒಂದು ಎಚ್ಚರಿಕೆ. ಮುಖ್ಯ ಕಥೆ ಮುಗಿಯುವಾಗ ಎಲ್ಲವನ್ನೂ ಬಿಟ್ಟು ಮೊದಲಿನಿಂದ ಶುರು ಮಾಡುವ ಬಾಗಿಲು ಸಿಗುತ್ತದೆ. ದಾಟಿದರೆ ಹಡಗು, ದುಡ್ಡು, ಕಟ್ಟಿದ ಔಟ್‌ಪೋಸ್ಟ್ ಎಲ್ಲಾ ಹೋಯಿತು. ಏರಿದ ಲೆವೆಲ್, ಕಲಿತ ಸ್ಕಿಲ್, ಸಿಕ್ಕ ವಿಶೇಷ ಶಕ್ತಿ ಮಾತ್ರ ಜೊತೆಗೆ ಬರುತ್ತವೆ. ಕಳೆದ ವರ್ಷ ಒಂದು ವಾರ ಕೂತು ಔಟ್‌ಪೋಸ್ಟ್ ಕಟ್ಟಿದವನ ಮಾತಿದು, ಕೇಳಿ.

2024ರ ಸೆಪ್ಟೆಂಬರ್ 30ಕ್ಕೆ ಬಂದ ಶಾಟರ್ಡ್ ಸ್ಪೇಸ್ ಎಂಬ ಹೆಚ್ಚುವರಿ ಕಥೆ ಬೇಕಾ ಅಂತಲೂ ಕೇಳಿದ್ದೀರಿ. ಅದಕ್ಕೆ ಬೇರೆ ದುಡ್ಡು. ಒಂದೇ ಗ್ರಹದ ಕಥೆ, ನೆಲವನ್ನು ಕೈಯಾರೆ ಮಾಡಿದ್ದು, ಹಾಗಾಗಿ ಅಲ್ಲಿ ನಡೆಯಲು ಖುಷಿ. ಆದರೆ ಕಥೆ ತೆಳು. ಸ್ಟೀಮ್‌ನಲ್ಲಿ ಅದಕ್ಕೆ ಮೂಲ ಆಟಕ್ಕಿಂತ ಜಾಸ್ತಿ ಬೈಗುಳ ಬಿದ್ದಿದೆ. ಈಗಲೇ ಬೇಡ, ಬೆಲೆ ಇಳಿಯಲಿ.

ಮೂಲ ಆಟವನ್ನೂ ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಡಿ. ತಿಂಗಳ ಚಂದಾ ಕಟ್ಟಿ ಆಡುವ ಗೇಮ್ ಪಾಸ್‌ನಲ್ಲಿ ಇದೆ, ಒಂದು ತಿಂಗಳು ಹಾಕಿ ನೋಡಿ. ಕಂಪ್ಯೂಟರ್‌ನಲ್ಲಿ ಕಡಿಮೆ ಅಂದರೂ ಜಿಟಿಎಕ್ಸ್ 1070 ಟಿಐ ಕಾರ್ಡ್, 16 ಜಿಬಿ ರ‍್ಯಾಮ್ ಬೇಕು. ಹಳೇ ಹಾರ್ಡ್ ಡಿಸ್ಕ್‌ಗೆ ಹಾಕಲೇಬೇಡಿ, ಎಸ್‌ಎಸ್‌ಡಿ ಬೇಕೇ ಬೇಕು. ಒಬ್ಬರೇ ಆಡುವ ಆಟ, ನಡುವೆ ನೆಟ್ ಹೋದರೆ ತೊಂದರೆ ಇಲ್ಲ. ಕರೆಂಟಿನ ಕಥೆ ಬೇರೆ. ಮೊದಲ ಗುಡುಗು ಕೇಳಿದ ಕೂಡಲೇ ಎಫ್5 ಒತ್ತಿ ಸೇವ್ ಮಾಡಿ, ಪ್ಲಗ್ ತೆಗೆಯಿರಿ.