ಯೂತಾ ವಾತಾನಬೆ ನೆಟ್ ಮುಂದೆ ಯಾಕೆ ನಿಲ್ಲುತ್ತಾರೆ?

ಜಪಾನಿನ ಬ್ಯಾಡ್ಮಿಂಟನ್ ಡಬಲ್ಸ್ ಆಟಗಾರ ಯೂತಾ ವಾತಾನಬೆ ಅವರ ಎತ್ತರ 167 ಸೆಂ.ಮೀ. ಪುರುಷರ ಡಬಲ್ಸ್‌ನಲ್ಲಿ ಇದು ಗಿಡ್ಡ ಎನ್ನಿಸುವ ಎತ್ತರವೇ. ಆದರೂ 2021ರ ಆಲ್ ಇಂಗ್ಲೆಂಡ್ ಟೂರ್ನಿಯಲ್ಲಿ ಹಿರೊಯುಕಿ ಎಂಡೊ ಜತೆ ಪುರುಷರ ಡಬಲ್ಸ್, ಅರಿಸಾ ಹಿಗಾಶಿನೊ ಜತೆ ಮಿಶ್ರ ಡಬಲ್ಸ್, ಎರಡೂ ಪ್ರಶಸ್ತಿ ಗೆದ್ದರು. ಟೋಕಿಯೊ, ಪ್ಯಾರಿಸ್ ಒಲಿಂಪಿಕ್ಸ್‌ಗಳೆರಡರಲ್ಲೂ ಹಿಗಾಶಿನೊ ಜತೆ ಕಂಚು ಪಡೆದರು. ಇದನ್ನು ಬರೀ ಚುರುಕುತನದ ಲೆಕ್ಕಕ್ಕೆ ಬರೆದು ಬಿಡಬಾರದು. ಅವರ ಆಟ ಅರ್ಥವಾಗಬೇಕಾದರೆ ಶಟಲ್‌ನ ಸ್ವಭಾವ ಗೊತ್ತಿರಬೇಕು.

ಶಟಲ್‌ನಲ್ಲಿ 16 ಗರಿಗಳಿರುತ್ತವೆ, ತೂಕ ಐದು ಗ್ರಾಂ ಆಸುಪಾಸು. ಇಷ್ಟು ಹಗುರವಾದ ವಸ್ತು ಇಷ್ಟು ಅಗಲ ಬಿಚ್ಚಿಕೊಂಡು ಹಾರಿದರೆ ಗಾಳಿ ಸುಮ್ಮನೆ ಬಿಡುವುದಿಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಮಹಡಿಯಿಂದ ಕೆಳಗೆ ಬಿಟ್ಟ ಶಟಲ್ ಸೆಕೆಂಡಿಗೆ ಸುಮಾರು 6.7 ಮೀಟರ್ ವೇಗ ಮುಟ್ಟಿದ ಮೇಲೆ ಇನ್ನಷ್ಟು ಜೋರಾಗುವುದೇ ಇಲ್ಲ. ಈ ಒಂದು ಅಂಕಿ ಇಟ್ಟುಕೊಂಡು ಲೆಕ್ಕ ಹಾಕಿದರೆ, ಹೊಡೆದ ಶಟಲ್ ಹೆಚ್ಚುಕಡಿಮೆ ಪ್ರತಿ 3 ಮೀಟರಿಗೆ ತನ್ನ ವೇಗದ ಅರ್ಧ ಕಳೆದುಕೊಳ್ಳುತ್ತದೆ ಎಂದು ಸಿಗುತ್ತದೆ. ನಮ್ಮ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಜಪಾನಿನಲ್ಲೇ ದಾಖಲಿಸಿದ ಹೊಡೆತದ ಗಂಟೆಗೆ 565 ಕಿ.ಮೀ. ಕೂಡ ರ‍್ಯಾಕೆಟ್ ಬಿಟ್ಟ ಕ್ಷಣದ ವೇಗ.

ಈಗ ಎರಡು ಹೊಡೆತ ಹೋಲಿಸೋಣ. ಅಂಕಣದ ಹಿಂದಿನಿಂದ ಗಂಟೆಗೆ 350 ಕಿ.ಮೀ. ವೇಗದ ಸ್ಮ್ಯಾಶ್ (ಮೇಲಿನಿಂದ ಕೆಳಕ್ಕೆ ಬಿರುಸಾಗಿ ಬಾರಿಸುವ ಹೊಡೆತ), ಎದುರಾಳಿ 9 ಮೀಟರ್ ದೂರದಲ್ಲಿ. ಅದು ತಲುಪಲು ಸುಮಾರು 0.29 ಸೆಕೆಂಡ್ ಬೇಕು. ಇನ್ನೊಂದು, ನೆಟ್ ಬಳಿಯಿಂದ ಮಣಿಕಟ್ಟಿನಲ್ಲಷ್ಟೇ ತಟ್ಟಿದ 100 ಕಿ.ಮೀ.ಯ ಹೊಡೆತ, ಎದುರಾಳಿ 3 ಮೀಟರ್ ದೂರದಲ್ಲಿ. ಇದಕ್ಕೆ ಸಾಕಾಗುವುದು ಸುಮಾರು 0.15 ಸೆಕೆಂಡ್! ಕಣ್ಣು ಕಂಡದ್ದಕ್ಕೆ ಕೈ ಓಗೊಡಲು ಮನುಷ್ಯನಿಗೆ 0.2 ಸೆಕೆಂಡ್ ಹಿಡಿಯುತ್ತದೆ. ಹೊಡೆತ ಮೃದುವೇ ಆದರೂ ಅದನ್ನು ನೋಡಿಕೊಂಡು ತಡೆಯಲು ಸಮಯವೇ ಇರುವುದಿಲ್ಲ, ಮೊದಲೇ ಊಹಿಸಿರಬೇಕು.

ಮಿಶ್ರ ಡಬಲ್ಸ್‌ನ ರೂಢಿ ಎಂದರೆ ಗಂಡಸು ಹಿಂದೆ, ಹೆಂಗಸು ಮುಂದೆ. ಆದರೆ ಹಿಗಾಶಿನೊ ಅವರ ಸ್ಮ್ಯಾಶ್ ಮಹಿಳಾ ಆಟಗಾರ್ತಿಯರಲ್ಲೇ ಅತಿ ಬಿರುಸಿನವುಗಳಲ್ಲಿ ಒಂದು. ಅವರು ಹಿಂದಿನಿಂದ ಸ್ಮ್ಯಾಶ್ ಬಾರಿಸಿದಾಗ ವಾತಾನಬೆ ಮುಂದಕ್ಕೆ ನುಗ್ಗಿ, ರ‍್ಯಾಕೆಟ್ ತಲೆಯನ್ನು ನೆಟ್‌ಗಿಂತ ಮೇಲೆ ಹಿಡಿದು, ಮೊಣಕಾಲು ಬಾಗಿಸಿ ಕಾಯುತ್ತಿದ್ದರು. ಎದುರಾಳಿ ಹೇಗೋ ತಡೆದು ಕಳಿಸಿದ ಶಟಲ್ ನೆಟ್ ದಾಟುವಾಗಲೇ ಅದನ್ನು ಕೆಳಕ್ಕೆ ತಟ್ಟುತ್ತಿದ್ದರು. ಇಲ್ಲಿ ಎತ್ತರದ ಕೊರತೆ ಅಷ್ಟೇನೂ ಕಾಡುವುದಿಲ್ಲ. ಈ ಜೋಡಿಯ ನಿಜವಾದ ಜಾಣ್ಮೆ ಇದಾಗಿತ್ತು ಎಂದೇ ನನ್ನ ಅಭಿಪ್ರಾಯ.

ಜತೆಗೆ ವಾತಾನಬೆ ಎಡಗೈ ಆಟಗಾರ. ಗರಿಗಳು ಒಂದರ ಮೇಲೊಂದು ಒಂದೇ ದಿಕ್ಕಿಗೆ ವಾಲಿಕೊಂಡಿರುವುದರಿಂದ ಶಟಲ್ ಹಾರುವಾಗ ತನ್ನಷ್ಟಕ್ಕೆ ಒಂದೇ ಕಡೆಗೆ ತಿರುಗುತ್ತದೆ. ನೆಟ್ ಬಳಿ ಬಲದಿಂದ ಎಡಕ್ಕೆ ಕತ್ತರಿಸಿದಂತೆ ಹೊಡೆದರೆ ಅದು ಹೆಚ್ಚು ಹೊತ್ತು ಪಲ್ಟಿ ಹೊಡೆಯುತ್ತದೆ, ಎಡದಿಂದ ಬಲಕ್ಕೆ ಹೊಡೆದರೆ ಅಷ್ಟಿಲ್ಲ. ಹಾಗಾಗಿ ಎಡಗೈಯವರ ಹೊಡೆತ ಬಲಗೈಯವರದಕ್ಕೆ ಕನ್ನಡಿಬಿಂಬದಂತೆ ಕಂಡರೂ ಶಟಲ್ ವರ್ತಿಸುವ ರೀತಿ ಬೇರೆ. ಬಲಗೈಯವರ ಎದುರೇ ಆಡಿ ಪಳಗಿದ ಕಣ್ಣಿಗೆ ಇದು ಬೇಗ ಒಗ್ಗುವುದಿಲ್ಲ.

ಟೋಕಿಯೊದ ಹುಡುಗ ವಾತಾನಬೆ ಬ್ಯಾಡ್ಮಿಂಟನ್‌ಗಾಗಿಯೇ ಫುಕುಶಿಮಾದ ತೊಮಿಯೊಕಾದ ಶಾಲೆ ಸೇರಿದವರು. ಹಿಗಾಶಿನೊ ಅಲ್ಲಿ ಒಂದು ವರ್ಷ ಹಿರಿಯರು. 2011ರ ಮಾರ್ಚ್ 11ರ ಭೂಕಂಪ, ಅಣುಸ್ಥಾವರದ ದುರಂತದಿಂದ ಇಡೀ ಊರೇ ಖಾಲಿಯಾಯಿತು. ತಂಡ ಅದೇ ಪ್ರಾಂತ್ಯದ ಇನಾವಶಿರೊಗೆ ಸ್ಥಳಾಂತರಗೊಂಡು ಅಭ್ಯಾಸ ಮುಂದುವರಿಸಿತು. ಮರುವರ್ಷ ಇಬ್ಬರೂ ಜೋಡಿಯಾದರು. ಯಾರು ಯಾವಾಗ ಮುಂದೆ, ಯಾರು ಹಿಂದೆ ಎಂಬುದು ಮಾತಿಲ್ಲದೆ ತೀರ್ಮಾನವಾಗಲು ಹೀಗೆ ವರ್ಷಗಟ್ಟಲೆ ಜತೆಗಿರಬೇಕಾಗುತ್ತದೆ. 2024ರ ಪ್ಯಾರಿಸ್ ಬಳಿಕ ಆ ಜೋಡಿ ಬೇರ್ಪಟ್ಟಿತು. ಹೊಸ ಜೊತೆಗಾತಿ ಮಾಯಾ ತಾಗುಚಿ ಜತೆ ವಾತಾನಬೆ ಈ ಹೊಂದಾಣಿಕೆಯನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು.