ಬಿಳಿ ಟವೆಲ್ ಬೇಡ ಅಂದೆನಲ್ಲ!

ಬಾಯಿ, ಕುತ್ತಿಗೆಯ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದವರ ಮನೆಗಳಲ್ಲಿ ನಾನು ತಪ್ಪದೆ ಹೇಳುವ ಮಾತೊಂದಿದೆ: ಗಾಢ ಬಣ್ಣದ ಎರಡು ಟವೆಲ್ ಕೈಗೆ ಸಿಗುವಂತೆ ಇಡಿ. ಮುಂದಿನ ಸಲ ಹೋದರೆ ಮಂಚದ ಪಕ್ಕ ಬೆಳ್ಳಗಿನ ಹೊಸ ಟವೆಲ್! ‘ಆಸ್ಪತ್ರೇಲಿ ಎಲ್ಲಾ ಬಿಳೀನೇ ಅಲ್ವಾ ಡಾಕ್ಟ್ರೇ?’

ಇನ್ನೊಮ್ಮೆ ಹೇಳುತ್ತೇನೆ. ಗಡ್ಡೆ ಕುತ್ತಿಗೆಯ ದೊಡ್ಡ ರಕ್ತನಾಳವನ್ನು ಕೊರೆದು ಅದು ಒಡೆದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ಟವೆಲ್ ಅದನ್ನು ತಡೆಯುವುದಿಲ್ಲ. ಆದರೆ ಬಿಳಿ ಬಟ್ಟೆಯ ಮೇಲೆ ಲೋಟದಷ್ಟು ರಕ್ತ ಬಿಂದಿಗೆಯಷ್ಟಾಗಿ ಕಾಣುತ್ತದೆ. ಅದನ್ನು ಮೊದಲು ನೋಡುವವರು ರೋಗಿಯೇ. ಕಡುಗೆಂಪು, ಕಡುಹಸಿರು ಬಟ್ಟೆಯಾದರೆ ಬರೀ ಒದ್ದೆ ಕಾಣುತ್ತದೆ. ಅವರ ಗಾಬರಿಯೂ ಕಡಿಮೆ, ನಿಮ್ಮ ಕೈ ನಡುಕವೂ ಕಡಿಮೆ.

ಬಾಗಲಕೋಟೆ ಕಡೆಯ ಒಬ್ಬ ಸೊಸೆಗೆ ಇದು ತಕ್ಷಣ ಅರ್ಥವಾಯಿತು. ‘ಅತ್ತಿಯವರ ಹಳೇ ಇಳಕಲ್ ಸೀರಿ ಹರದ್ರ ನಡೀತೈತೇನ್ರಿ?’ ನಡೆಯುತ್ತದಾ? ಕಡುಗೆಂಪು ಹತ್ತಿ, ಒಗೆದೊಗೆದು ಮೆತ್ತಗಾದದ್ದು, ಅದಕ್ಕಿಂತ ಒಳ್ಳೆಯದು ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಸೆರಗು ಮಾತ್ರ ರೇಷ್ಮೆ, ಹೀರುವುದಿಲ್ಲ ಎಂದೆ. ‘ಸೆರಗ ನಾನೂ ಕೊಡಾಂಗಿಲ್ಲ ಬಿಡ್ರಿ’ ಎಂದರು ಅತ್ತೆ.

ಹೀಗೆ ರಕ್ತನಾಳ ಒಡೆಯುವುದು ಎಲ್ಲರಿಗೂ ಆಗುವುದಿಲ್ಲ. ಹೆಚ್ಚಿನವರಿಗೆ ಆಗುವುದೇ ಇಲ್ಲ. ಸುಮ್ನೆ ಜಿನುಗುವ ರಕ್ತಕ್ಕೆ ರಕ್ತನಾಳ ಕುಗ್ಗಿಸುವ ಅಡ್ರಿನಲಿನ್‌ನಲ್ಲಿ ಅದ್ದಿದ ಗಾಜ್ ಬಟ್ಟೆ, ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಕೆಲವರಿಗೆ ರೇಡಿಯೇಷನ್, ಹೀಗೆ ದಾರಿಗಳಿವೆ. ಯಾರಿಗೆ ಯಾವುದು ಎಂಬುದನ್ನು ನಿಮ್ಮ ಡಾಕ್ಟರೇ ಹೇಳಬೇಕು. ಸ್ವಲ್ಪ ಬಂದು ತಾನಾಗಿ ನಿಂತರೂ ಫೋನ್ ಮಾಡಿ. ದೊಡ್ಡದು ಬರುವ ಮುನ್ಸೂಚನೆ ಅದಾಗಿರಬಹುದು.

ಭಯ ಗೊತ್ತಾಗದ ಹಾಗೆ ಮಂಪರು ತರಿಸಲು ಮಿಡಜೋಲಾಂ ಬರೆದುಕೊಡುತ್ತೇವೆ. ಅದನ್ನು ಹುಡುಕಲು ಮನೆಯವರೆಲ್ಲ ಬೀರು ಕಡೆ ಓಡಬೇಡಿ. ಔಷಧಿ ಕೆಲಸ ಮಾಡುವಷ್ಟರಲ್ಲಿ ಎಲ್ಲ ಮುಗಿದಿರಬಹುದು. ಒಬ್ಬರು ಪಕ್ಕದಲ್ಲೇ ಇರಬೇಕು. ಪಕ್ಕಕ್ಕೆ ಹೊರಳಿಸಿ, ಟವೆಲ್ ಒತ್ತಿ ಹಿಡಿದು, ಮಾತಾಡುತ್ತಿರಿ. ಇದು ಮಿಡಜೋಲಾಂಗಿಂತ ಮೊದಲಿನ ಕೆಲಸ.

108ಕ್ಕೆ ಫೋನ್ ಮಾಡಬೇಕೋ ಬೇಡವೋ ಎಂದು ಆ ಗಳಿಗೆಯಲ್ಲಿ ಚರ್ಚೆ ಮಾಡಲಾಗುವುದಿಲ್ಲ. ಡಾಕ್ಟರ ಜೊತೆ, ರೋಗಿಗೆ ಇಷ್ಟವಿದ್ದರೆ ಅವರ ಜೊತೆಗೂ, ಈಗಲೇ ಮಾತಾಡಿ ಬರೆದಿಡಿ. ದೂರದ ಊರಿನಲ್ಲಿರುವ ಅಳಿಯನಿಗೂ ತಿಳಿಸಿ. ‘ಇನ್ನೂ ಯಾಕೆ ಅಡ್ಮಿಟ್ ಮಾಡಿಲ್ಲ?’ ಎಂದು ಫೋನಿನಲ್ಲಿ ಕೂಗುವವರು ಸಾಮಾನ್ಯವಾಗಿ ಅವರೇ.